ಕುಮಾರರಾಮನ ಮರದ ತಲೆ

ಹಂಪಿಗೆ ಟ್ರಿಪ್ ಹೋಗಿ ಬಂದವರ ಫೋನಲ್ಲಿ ಹೇಮಕೂಟ ಬೆಟ್ಟದ ಸನ್‌ಸೆಟ್ ಫೋಟೋ ಇದ್ದೇ ಇರುತ್ತೆ. ಆ ಬೆಟ್ಟದ ಮೇಲೆ ಮೂರು ಗರ್ಭಗುಡಿಗಳ ಒಂದು ಶಿವಾಲಯ ಇದೆ. ಅದನ್ನ ಕಟ್ಟಿಸಿದ್ದು ವಿಜಯನಗರದ ರಾಜರಲ್ಲ. ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವ ತನ್ನ ಹಿರಿಯರ ಹೆಸರಲ್ಲಿ ಅಲ್ಲಿ ಮೂರು ಲಿಂಗ ಸ್ಥಾಪಿಸಿದ ಅಂತ ಶಾಸನ ಹೇಳುತ್ತೆ. ಅಂದ್ರೆ 1336ಕ್ಕಿಂತ ಹಳೆಯ ಕಥೆ. ಈ ಕಂಪಿಲ ಹಿರಿಯರಿಗೆ ಕಲ್ಲಲ್ಲಿ ಗುಡಿ ಕಟ್ಟಿಸಿದ. ಅವನ ಮಗನಿಗೆ ಸಿಕ್ಕಿದ್ದು ಮಾತ್ರ ಮರ.

ಆ ಮಗನೇ ಕುಮಾರರಾಮ. ನಮ್ಮ ವಯಸ್ಸಿನವರಿಗೆ ಈ ಹೆಸರು ಗೊತ್ತಿದ್ರೆ ಅದು 2006ರ ಶಿವಣ್ಣನ ಸಿನಿಮಾದಿಂದ. ಆದ್ರೆ ಸಿನಿಮಾಕ್ಕಿಂತ ಎಷ್ಟೋ ಮೊದಲೇ ಇವನನ್ನ ಜನ ದೇವರು ಮಾಡಿಕೊಂಡಿದ್ದಾರೆ. ಸಂಡೂರಿನ ಬೆಟ್ಟಗಳಲ್ಲಿರೋ ರಾಮಗಡದಲ್ಲಿ, ಹೊಳೆ ಆಚೆ ಗಂಗಾವತಿ ಕಡೆಯ ಕುಮ್ಮಟದುರ್ಗದಲ್ಲಿ ಇವನಿಗೆ ಪೂಜೆ ನಡೆಯುತ್ತೆ. ದೂರದ ಶಿವಮೊಗ್ಗ, ಉತ್ತರ ಕನ್ನಡದ ಹಳ್ಳಿಗಳಲ್ಲೂ ಮರದಲ್ಲಿ ಕೆತ್ತಿದ ಕುಮಾರರಾಮ ಇದ್ದಾನೆ. ಎಷ್ಟೋ ಕಡೆ ಪೂಜೆ ಆಗೋದು ಅವನ ತಲೆಗೆ. (ಸಂಡೂರಿನ ಕುಮಾರಸ್ವಾಮಿ ಬೇರೆ, ಅವನು ಷಣ್ಮುಖ. ಹೆಸರು ಕೇಳಿ ಕನ್‌ಫ್ಯೂಸ್ ಆಗೋದು ಬೇಡ.)

ತಲೆಯೇ ಯಾಕೆ ಅಂತ ತಿಳೀಬೇಕಂದ್ರೆ ಅವನ ಜೀವನವನ್ನೇ ಹೇಳಬೇಕು.

ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರ್ ದೂರದ, ತುಂಗಭದ್ರೆಯ ದಡದ ಕಂಪ್ಲಿ ಆಗ ಒಂದು ಸಣ್ಣ ರಾಜ್ಯದ ಹೆಸರು. ಉತ್ತರಕ್ಕೆ ದೇವಗಿರಿಯ ಸೇವುಣರು, ದಕ್ಷಿಣಕ್ಕೆ ಹೊಯ್ಸಳರು, ಪೂರ್ವಕ್ಕೆ ಓರುಗಲ್ಲಿನ ಕಾಕತೀಯರು. ಮೂರು ದೊಡ್ಡವರ ಮಧ್ಯೆ ಸಿಕ್ಕಿಕೊಂಡ ರಾಜ್ಯ. ಜಟ್ಟಂಗಿ ರಾಮನಾಥನ ವರದಿಂದ ಹುಟ್ಟಿದ್ದಕ್ಕೆ ಹುಡುಗನಿಗೆ ರಾಮನಾಥ ಅಂತ ಹೆಸರಿಟ್ರಂತೆ. ಬೊಲ್ಲ ಅನ್ನೋ ಕುದುರೆ, ಕಾಟಣ್ಣ ಅನ್ನೋ ಜೊತೆಗಾರ, ಸಣ್ಣ ವಯಸ್ಸಿಗೇ ಗೆದ್ದ ಯುದ್ಧಗಳು, ಇವನ್ನೆಲ್ಲ 16ನೇ ಶತಮಾನದ ನಂಜುಂಡ, ಆಮೇಲೆ ಬಂದ ಪಾಂಚಾಳ ಗಂಗ ತಮ್ಮ ಸಾಂಗತ್ಯ ಕಾವ್ಯಗಳಲ್ಲಿ ಉದ್ದಕ್ಕೂ ಹಾಡಿದ್ದಾರೆ. ಪರಸ್ತ್ರೀಯರಿಗೆ ಅಣ್ಣತಮ್ಮನಂತೆ ಇರೋನು, ಪರದಾರ ಸೋದರ, ಅನ್ನೋದು ಅವನ ಬಿರುದು. ಕೊನೆಗೆ ಅವನನ್ನ ಸಾಯಿಸಿದ್ದೂ ಆ ಬಿರುದೇ.

ಕಾವ್ಯಗಳ ಪ್ರಕಾರ ಒಂದಿನ ಆಟ ಆಡುವಾಗ ಚೆಂಡು ಹೋಗಿ ರತ್ನಾಜಿಯ ಅರಮನೆ ಒಳಗೆ ಬಿತ್ತು. ರತ್ನಾಜಿ ಕಂಪಿಲನ ಕಿರಿಯ ಹೆಂಡತಿ, ರಾಮನಿಗೆ ಚಿಕ್ಕಮ್ಮ. ರಾಜ ಬೇಟೆಗೆ ಹೋಗಿದ್ದ. ಚೆಂಡು ತರೋಕೆ ಹೋದ ರಾಮನನ್ನ ಅವಳು ಬಯಸಿದಳು, ಇವನು ಒಪ್ಪದೆ ತಪ್ಪಿಸಿಕೊಂಡು ಬಂದ. ಬೇಟೆಯಿಂದ ವಾಪಸ್ ಬಂದ ಗಂಡನಿಗೆ ಅವಳು ಕಥೆಯನ್ನ ಉಲ್ಟಾ ಹೇಳಿದಳು. ಕಂಪಿಲ ಮಗನನ್ನ ಒಂದು ಮಾತೂ ಕೇಳಲಿಲ್ಲ, ತಲೆ ತರೋಕೆ ಆಜ್ಞೆ ಮಾಡಿದ. ಮಂತ್ರಿ ಬೈಚಪ್ಪ ಬುದ್ಧಿವಂತ. ರಾಮನನ್ನೂ ಜೊತೆಗಾರರನ್ನೂ ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ಬೇರೆ ತಲೆ ತೋರಿಸಿದ. ಅಪ್ಪ ನಂಬಿದ. ಮಗ ಬದುಕಿದ್ದೂ ಊರಿನ ಪಾಲಿಗೆ ಸತ್ತವನಾಗಿ ನೆಲದಡಿ ಕೂತ.

ನಮಗೆ ಈ ಕಥೆಯಲ್ಲಿ ಒಂದು ಕಡೆ ಮುಳ್ಳು ಚುಚ್ಚುತ್ತೆ. ಎಲ್ಲ ತಪ್ಪನ್ನೂ ರತ್ನಾಜಿ ತಲೆಗೆ ಕಟ್ಟಿ, ವಿಚಾರಣೆ ಇಲ್ಲದೆ ಮಗನ ತಲೆ ಕೇಳಿದ ಅಪ್ಪನನ್ನ ಕಾವ್ಯ ಸುಲಭವಾಗಿ ಬಿಟ್ಟುಬಿಡುತ್ತೆ. ಆಫ್ರಿಕಾದ ಕಾಂಗೋದಲ್ಲಿ ಲೂಬಾ ಅನ್ನೋ ಜನ ಇದ್ದಾರೆ, ಅವರೂ ತಮ್ಮ ರಾಜರ ನೆನಪನ್ನ ಮರದಲ್ಲೇ ಕೆತ್ತಿಟ್ಟವರು. ಅಲ್ಲಿ ರಾಜಪೀಠವನ್ನ ತಲೆ ಮೇಲೆ ಹೊತ್ತು ಕೂತಿರೋದು ಹೆಚ್ಚಾಗಿ ಹೆಣ್ಣಿನ ರೂಪ. ನಮ್ಮ ಕಥೆ ಹೆಣ್ಣಿಗೆ ಕೊಟ್ಟಿರೋ ಜಾಗ ನೋಡಿದ್ರೆ ಬೇಜಾರಾಗುತ್ತೆ.

ಕಾವ್ಯ ಬದಿಗಿಟ್ಟು ಇತಿಹಾಸ ನೋಡಿದ್ರೆ ಅದೇ ಕಂಪಿಲ ಬೇರೆ ಮನುಷ್ಯನಾಗಿ ಕಾಣ್ತಾನೆ. 1326ರ ಸುಮಾರಿಗೆ ದಿಲ್ಲಿಯ ಮುಹಮ್ಮದ್ ಬಿನ್ ತುಘಲಕ್‌ನ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್, ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ದಂಗೆ ಎದ್ದ, ಸೋತ, ಓಡಿಬಂದು ಕಂಪಿಲನ ಆಶ್ರಯ ಕೇಳಿದ. ಒಪ್ಪಿಸಿಬಿಟ್ಟಿದ್ರೆ ರಾಜ್ಯ ಉಳೀತಿತ್ತೇನೋ. ಕಂಪಿಲ ಒಪ್ಪಿಸಲಿಲ್ಲ. ದಿಲ್ಲಿಯ ಸೈನ್ಯ ಒಂದಲ್ಲ, ಮೂರು ಸಲ ಬಂತು. ಇನ್ನು ಆಗಲ್ಲ ಅಂತ ಗೊತ್ತಾದಾಗಲೂ ಅತಿಥಿಯನ್ನ ಮೊದಲು ಹೊಯ್ಸಳ ಬಲ್ಲಾಳನ ಹತ್ತಿರ ಕಳಿಸಿಕೊಟ್ಟ. ಆಮೇಲೆ ಕೋಟೆಯ ಹೆಂಗಸರು ಬೆಂಕಿಗೆ ಹಾರಿದರು, ಕಂಪಿಲ ಹೋರಾಡಿ ಸತ್ತ. ಬಲ್ಲಾಳ ಗುರ್ಶಾಸ್ಪ್‌ನನ್ನ ಹಿಡಿದು ಕೊಟ್ಟುಬಿಟ್ಟ. ಇದನ್ನೆಲ್ಲ ಬರೆದಿಟ್ಟವನು ಕೆಲವೇ ವರ್ಷಗಳ ನಂತರ ದಿಲ್ಲಿಗೆ ಬಂದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ. ಸೆರೆಸಿಕ್ಕ ಕಂಪಿಲನ 11 ಗಂಡುಮಕ್ಕಳಲ್ಲಿ ಮೂವರನ್ನ ಅವನು ದಿಲ್ಲಿಯಲ್ಲಿ ಸ್ವತಃ ನೋಡಿದ್ದ. ಮತಾಂತರ ಆಗಿ, ಸುಲ್ತಾನನ ಆಸ್ಥಾನದಲ್ಲಿ ಅಮೀರರಾಗಿದ್ದರು. ಅವನ ಬರಹದಲ್ಲಿ ರಾಮನ ಹೆಸರೇ ಇಲ್ಲ. ರಾಮನನ್ನ ಉಳಿಸಿದ್ದು ಇಲ್ಲಿನ ಜನ.

ಈ ಕಥೆಯನ್ನ ಹಿಂದೂ-ಮುಸ್ಲಿಂ ಜಗಳ ಅಂತ ಒಂದೇ ಸಾಲಲ್ಲಿ ಮುಗಿಸೋರಿಗೆ ನಾವು ಹೇಳೋದಿಷ್ಟೇ: ಯುದ್ಧ ಶುರುವಾಗಿದ್ದು ಶರಣು ಬಂದ ಒಬ್ಬ ಮುಸಲ್ಮಾನನನ್ನ ಕಾಯೋಕೆ. ಕಾವ್ಯದಲ್ಲೂ ಬಹಾದ್ದೂರ ಖಾನನಿಗೆ ಕುಮಾರರಾಮನೇ ಆಶ್ರಯ ಕೊಡ್ತಾನೆ.

ಇನ್ನು ಕಾವ್ಯದ ಕೊನೆ. ದಿಲ್ಲಿ ದಂಡು ಬಂದಾಗ, ಮಗ ಇದ್ದಿದ್ರೆ ಅಂತ ಕಂಪಿಲ ಗೋಳಾಡಿದ. ಬೈಚಪ್ಪ ನೆಲಮಾಳಿಗೆ ಬಾಗಿಲು ತೆಗೆದ. ಸತ್ತಿದ್ದ ರಾಮ ಎದ್ದು ಬಂದ ಹಾಗಾಯ್ತು, ದಂಡು ಹಿಂದೆ ಹೋಯ್ತು. ಮುಂದಿನ ಸಲ ಸುಲ್ತಾನ ಕಳಿಸಿದ್ದು ಮಾತಂಗಿ ಅನ್ನೋ ಹೆಣ್ಣು ದಳಪತಿಯನ್ನ. ಹೆಣ್ಣಿನ ಮೇಲೆ ಕೈ ಎತ್ತಲ್ಲ ಅನ್ನೋನು ಅವಳ ಎದುರು ಏನು ಮಾಡ್ತಾನೆ? ರಾಮ ಬಿದ್ದ, ತಲೆ ದಿಲ್ಲಿಗೆ ಹೋಯ್ತು. ಮೊದಲು ಹೆತ್ತ ಅಪ್ಪ ಕೇಳಿದ, ಆಮೇಲೆ ಶತ್ರು ಕೇಳಿದ, ಎರಡೂ ಸಲ ಅದೇ ತಲೆ. ಜನ ಅದನ್ನೇ ಕೆತ್ತಿ ಇಟ್ಟುಕೊಂಡರು.

ಕಲ್ಲಿಗೇನು ಬರ ಇರಲಿಲ್ಲ. ಹಂಪಿ ಸುತ್ತ ಎಲ್ಲಿ ನೋಡಿದ್ರೂ ಗ್ರಾನೈಟೇ. ಆದ್ರೆ ಕಲ್ಲಿನ ವಿಗ್ರಹ ಕೂತಲ್ಲೇ ಕೂರುತ್ತೆ, ಮರದ್ದನ್ನ ಹೊತ್ತುಕೊಂಡು ಊರು ಬಿಟ್ಟು ಹೋಗಬಹುದು. ರಾಜ್ಯ ಬಿದ್ದಮೇಲೆ ಈ ಕಥೆ ತುಂಗಭದ್ರೆಯಿಂದ ಮಲೆನಾಡಿನ ಕಾಡಿನ ತನಕ ನಡೆದುಕೊಂಡೇ ಹೋಗಿದೆ. ಶಿರಸಿ ಮಾರಿಕಾಂಬೆಯೂ ಮರದವಳೇ, ಆ ಕಡೆ ಜನಕ್ಕೆ ಮರದ ದೇವರು ಹೊಸದಲ್ಲ. ನಮ್ಮ ಈ ಕಡೆಯೂ ಕೊಪ್ಪಳದ ಹತ್ತಿರ ಕಿನ್ನಾಳದ ಚಿತ್ರಗಾರರು ಇವತ್ತಿಗೂ ಹಗುರ ಮರದಲ್ಲಿ ದೇವರನ್ನ ಕೆತ್ತುತ್ತಾರೆ. ಬಿಡಿಬಿಡಿ ಭಾಗ ಜೋಡಿಸಿ, ಮರದ ಹೊಟ್ಟಿಗೆ ಹುಣಸೆಬೀಜದ ಅಂಟು ಕಲಸಿ ಸಂದು ಮುಚ್ಚಿ, ಆಮೇಲೆ ಬಣ್ಣ. ನಾವು ಲ್ಯಾಬಲ್ಲಿ ಕಾಂಪೊಸಿಟ್ ಅಂತ ಓದೋದನ್ನ ಅವರು ಒಲೆ ಪಕ್ಕ ಮಾಡ್ತಾರೆ.

ಮರಕ್ಕೆ ಕಾಟವೂ ಜಾಸ್ತಿ. ಗೆದ್ದಲು ಹಿಡಿಯುತ್ತೆ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತೆ. ಹೇಮಕೂಟದ ಶಿವಾಲಯ 700 ವರ್ಷ ಯಾರೂ ಮುಟ್ಟದಿದ್ರೂ ನಿಂತಿರುತ್ತೆ. ಮರದ ರಾಮನಿಗೆ ಹಾಗಾಗಲ್ಲ. ಪ್ರತಿ ತಲೆಮಾರಲ್ಲೂ ಯಾರಾದರೂ ಬಣ್ಣ ಹಚ್ಚಬೇಕು, ಹಾಳಾದ್ರೆ ಹೊಸದಾಗಿ ಕೆತ್ತಬೇಕು, ಕೆತ್ತೋನಿಗೆ ಕಥೆ ಗೊತ್ತಿರಬೇಕು.