ಶ್ರೀ ವಾಲ್‌ಚಂದ್ ಹೀರಾಚಂದ್ (1882–1953): ಹಡಗು ಸಾಗಣೆಯಿಂದ ವಿಮಾನಪುರದವರೆಗೆ

ಬೆಂಗಳೂರಿನ ಪೂರ್ವ ಭಾಗದಲ್ಲಿರುವ ವಿಮಾನಪುರವು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಯಾಗಿರುತ್ತದೆ. ಈ ಕಾರ್ಖಾನೆಯನ್ನು 1940ರ ಡಿಸೆಂಬರ್ 23ರಂದು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಸ್ಥಾಪಿಸಿದ ಶ್ರೀ ವಾಲ್‌ಚಂದ್ ಹೀರಾಚಂದ್ ಅವರು ಮೂಲತಃ ಹಡಗು ಉದ್ಯಮಿಯಾಗಿದ್ದರೆಂಬುದು ಇಲ್ಲಿನ ನಿವಾಸಿಗಳಲ್ಲಿಯೂ ಅನೇಕರಿಗೆ ತಿಳಿದಿರುವುದಿಲ್ಲ. ಶೀತಲೀಕರಿಸಿದ ಅಥವಾ ಹೆಪ್ಪುಗಟ್ಟಿಸಿದ ಆಹಾರ ಪದಾರ್ಥಗಳನ್ನು ಸಮುದ್ರ ಮಾರ್ಗವಾಗಿ ವಿದೇಶಗಳಿಗೆ ಕಳುಹಿಸಲು ಅರ್ಜಿ ಸಲ್ಲಿಸುವ ನಾಗರಿಕರಿಗೆ ಹಡಗಿನಲ್ಲಿ ಸ್ಥಳ ದೊರೆಯುವುದು ಹಾಗೂ ಸಾಗಣೆ ದರ ನಿಗದಿಯಾಗುವುದು ದಿನನಿತ್ಯದ ಪ್ರಶ್ನೆಗಳಾಗಿರುತ್ತವೆ. ಈ ಎರಡು ಪ್ರಶ್ನೆಗಳಿಗಾಗಿಯೇ ಶ್ರೀಯುತರು ತಮ್ಮ ಜೀವನದ ಮೂರು ದಶಕಗಳನ್ನು ವ್ಯಯಿಸಿದರು.

ಶ್ರೀಯುತರು 1882ರ ನವೆಂಬರ್ 23ರಂದು ಸೊಲ್ಲಾಪುರದಲ್ಲಿ ಗುಜರಾತಿ ಮೂಲದ ದಿಗಂಬರ ಜೈನ ಕುಟುಂಬವೊಂದರಲ್ಲಿ ಜನಿಸಿದರು. ಸೊಲ್ಲಾಪುರವು ಇಂದು ಮಹಾರಾಷ್ಟ್ರಕ್ಕೆ ಸೇರಿದ್ದರೂ ಶಿವಯೋಗಿ ಸಿದ್ಧರಾಮೇಶ್ವರರ ಕ್ಷೇತ್ರವಾಗಿ, ಕನ್ನಡ ಮಾತನಾಡುವ ಅನೇಕ ಮನೆತನಗಳ ನೆಲೆಯಾಗಿ ಕನ್ನಡಿಗರಿಗೆ ಚಿರಪರಿಚಿತವಾದ ಊರು. ಅವರು ಜನಿಸಿದ ವರ್ಷವು ಆಹಾರ ಸಾಗಣೆಯ ಚರಿತ್ರೆಯಲ್ಲಿಯೂ ಗಮನಾರ್ಹವಾದುದು. 1882ರ ಫೆಬ್ರವರಿಯಲ್ಲಿ ನ್ಯೂಜಿಲೆಂಡ್‌ನಿಂದ ಹೊರಟ ಡ್ಯುನೆಡಿನ್ ಎಂಬ ಹಾಯಿ ಹಡಗು, ಹಬೆಯಂತ್ರದಿಂದ ನಡೆಯುವ ಶೀತಲ ಯಂತ್ರವನ್ನು ಅಳವಡಿಸಿಕೊಂಡು, ಸುಮಾರು 5000 ಕುರಿ ಮತ್ತಿತರ ಪ್ರಾಣಿಗಳ ಮಾಂಸವನ್ನು ಹೆಪ್ಪುಗಟ್ಟಿಸಿ ಹೊತ್ತು, 98 ದಿನಗಳ ನಂತರ ಲಂಡನ್ ತಲುಪಿತು. ಸರಕಿನಲ್ಲಿ ಒಂದೇ ಒಂದು ಮಾತ್ರ ಕೆಟ್ಟಿತ್ತು. ಅಲ್ಲಿಂದ ಮುಂದೆ ದೂರದ ದೇಶಗಳ ಮಾಂಸ, ಬೆಣ್ಣೆ ಮತ್ತು ಹಣ್ಣುಗಳು ಬ್ರಿಟನ್ನಿನ ಮಾರುಕಟ್ಟೆಯನ್ನು ಸೇರತೊಡಗಿದವು. ಆದರೆ ಭಾರತದ ರೈತನ ಬೆಳೆಯನ್ನು ಸಾಗಿಸುವ ಹಡಗುಗಳಲ್ಲಿ ಭಾರತೀಯರ ಒಡೆತನ ಆಗ ಹೆಸರಿಗೆ ಮಾತ್ರವಿತ್ತು.

ಸೊಲ್ಲಾಪುರ, ಮುಂಬಯಿ ಮತ್ತು ಪುಣೆಯಲ್ಲಿ ವ್ಯಾಸಂಗ ಮಾಡಿದ ಶ್ರೀಯುತರು ಮನೆತನದ ಹತ್ತಿ ಹಾಗೂ ಲೇವಾದೇವಿ ವ್ಯವಹಾರದಲ್ಲಿ ಆಸಕ್ತಿ ತಳೆಯಲಿಲ್ಲ. ಶ್ರೀ ಫಾಟಕ್ ಅವರೊಂದಿಗೆ ಪಾಲುದಾರರಾಗಿ ಬಾರ್ಸಿ ಲಘು ರೈಲುಮಾರ್ಗದ ಗುತ್ತಿಗೆ ಹಿಡಿದರು. ಮುಂದೆ ಭೋರ್ ಘಾಟಿನ ಸುರಂಗಗಳಂತಹ ದೊಡ್ಡ ಕಾಮಗಾರಿಗಳನ್ನೂ ನಿರ್ವಹಿಸಿದರು.

ಮೊದಲನೆಯ ಮಹಾಯುದ್ಧ ಮುಗಿದಾಗ ಸರಕು ಹೇರಳವಾಗಿದ್ದು ಹಡಗುಗಳು ವಿರಳವಾಗಿದ್ದವು. ಗ್ವಾಲಿಯರ್ ಮಹಾರಾಜರ ಬಳಿ ಲಾಯಲ್ಟಿ ಎಂಬ ಹಡಗು ಮಾರಾಟಕ್ಕಿರುವ ವಿಷಯ ಶ್ರೀಯುತರಿಗೆ ತಿಳಿದುಬಂದಿತು. ಇದು ಮೊದಲಿಗೆ ಎಂಪ್ರೆಸ್ ಆಫ್ ಇಂಡಿಯಾ ಎಂಬ ಹೆಸರಿನಲ್ಲಿ ಕೆನಡಾ ಹಾಗೂ ಹಾಂಗ್‌ಕಾಂಗ್ ನಡುವೆ ಸಂಚರಿಸುತ್ತಿದ್ದು, ಯುದ್ಧಕಾಲದಲ್ಲಿ ಭಾರತೀಯ ಸೈನಿಕರ ಆಸ್ಪತ್ರೆ ಹಡಗಾಗಿ ಪರಿವರ್ತಿತವಾಗಿತ್ತು. ಶ್ರೀ ನರೋತ್ತಮ್ ಮೊರಾರ್ಜಿ ಮೊದಲಾದವರೊಂದಿಗೆ ಸೇರಿ ಇದನ್ನು ಖರೀದಿಸಿ, 1919ರ ಮಾರ್ಚ್‌ನಲ್ಲಿ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯನ್ನು ಸ್ಥಾಪಿಸಲಾಯಿತು. 1919ರ ಏಪ್ರಿಲ್ 5ರಂದು ಲಾಯಲ್ಟಿಯು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಶ್ರೀಯುತರೂ ಅದರಲ್ಲಿ ಪ್ರಯಾಣಿಸಿದರು. ಭಾರತ ಸರ್ಕಾರವು 1964ರಿಂದ ಈ ದಿನವನ್ನು ರಾಷ್ಟ್ರೀಯ ಕಡಲಯಾನ ದಿನವಾಗಿ ಆಚರಿಸುತ್ತಿದೆ. ವ್ಯಾಪಾರದ ದೃಷ್ಟಿಯಿಂದ ಮಾತ್ರ ಈ ಹಡಗು ಲಾಭದಾಯಕವಾಗಲಿಲ್ಲ. ಹಳೆಯದಾಗಿದ್ದ ಅದನ್ನು 1923ರಲ್ಲಿ ಗುಜರಿಗೆ ಮಾರಲಾಯಿತು.

ಹಡಗು ಕೊಳ್ಳುವುದಕ್ಕಿಂತ ಅದಕ್ಕೆ ಸರಕು ದೊರಕಿಸುವುದೇ ಕಠಿಣವಾಗಿತ್ತು. ಇದರ ಕಾರಣವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯಕ. ವಿದೇಶಿ ಹಡಗು ಕಂಪನಿಗಳು ಒಟ್ಟಾಗಿ ದರ ನಿಗದಿಪಡಿಸಿ, ವ್ಯಾಪಾರಿ ಕೊಟ್ಟ ಬಾಡಿಗೆಯ ಒಂದು ಭಾಗವನ್ನು ರಿಯಾಯಿತಿಯಾಗಿ ಹಿಂದಿರುಗಿಸುತ್ತಿದ್ದವು. ಆದರೆ ತಕ್ಷಣವಲ್ಲ, ಕೆಲವು ತಿಂಗಳು ತಡೆದು. ಆ ಅವಧಿಯಲ್ಲಿ ವ್ಯಾಪಾರಿಯು ಒಂದೇ ಒಂದು ಮೂಟೆಯನ್ನು ಬೇರೆ ಹಡಗಿಗೆ ಹಾಕಿದರೂ ಸಂಗ್ರಹವಾದ ರಿಯಾಯಿತಿಯೆಲ್ಲವೂ ಕೈತಪ್ಪುತ್ತಿತ್ತು. ಹೀಗಾಗಿ ಸ್ವದೇಶಿ ಹಡಗಿನ ಬಗ್ಗೆ ಅಭಿಮಾನವಿದ್ದವರೂ ಸರಕು ಕೊಡಲು ಹಿಂಜರಿಯುತ್ತಿದ್ದರು. ಇದರ ಜೊತೆಗೆ ದರ ಸಮರವನ್ನೂ ಹೂಡಲಾಗುತ್ತಿತ್ತು. 1906ರಲ್ಲಿ ಶ್ರೀ ವಿ.ಓ. ಚಿದಂಬರಂ ಪಿಳ್ಳೆಯವರು ತೂತುಕುಡಿಯಲ್ಲಿ ಆರಂಭಿಸಿದ ಸ್ವದೇಶಿ ಹಡಗು ಕಂಪನಿಯು ಇಂತಹ ಒತ್ತಡಕ್ಕೆ ಸಿಲುಕಿಯೇ ಮುಚ್ಚಿಹೋಗಿತ್ತು. ಅಕ್ಕಿ ಅಥವಾ ಕಲ್ಲಿದ್ದಲು ಬಂದರಿನಲ್ಲಿ ಒಂದು ವಾರ ಕಾಯಬಲ್ಲದು. ಹಣ್ಣು, ಮೀನು ಮತ್ತು ಮಾಂಸ ಕಾಯಲಾರವು. ಕೆಡುವ ಸರಕನ್ನು ಹೊಂದಿರುವವನು ಬಂದ ಹಡಗಿಗೆ ಕೇಳಿದ ದರವನ್ನು ತೆರಲೇಬೇಕಾಗುವುದರಿಂದ, ದರ ನಿಗದಿಯ ಅಧಿಕಾರ ಯಾರ ಕೈಯಲ್ಲಿದೆಯೆಂಬುದು ಅವನಿಗೆ ಮಿಕ್ಕವರಿಗಿಂತ ಹೆಚ್ಚು ಮಹತ್ವದ್ದು.

ಸಿಂಧಿಯಾ ಕಂಪನಿಯು ಮುಚ್ಚಲಿಲ್ಲ. 1923ರಲ್ಲಿ ಲಾರ್ಡ್ ಇಂಚ್‌ಕೇಪ್ ಅವರ ಸಮೂಹದೊಂದಿಗೆ ಹತ್ತು ವರ್ಷಗಳ ಒಪ್ಪಂದ ಮಾಡಿಕೊಂಡು, ತನ್ನ ಹಡಗುಗಳ ಪ್ರಮಾಣಕ್ಕೆ ಮಿತಿಯನ್ನು ಒಪ್ಪಿಕೊಂಡು ಕರಾವಳಿ ವ್ಯಾಪಾರದಲ್ಲಿ ಉಳಿಯಿತು. ಇದು ಶರಣಾಗತಿಯೆಂದು ಟೀಕಿಸಲು ಅವಕಾಶವಿದೆ. ಆದರೆ ಚಿದಂಬರಂ ಪಿಳ್ಳೆಯವರ ಕಂಪನಿಯ ಗತಿಯನ್ನು ನೆನೆದರೆ, ಬದುಕಿ ಉಳಿಯುವುದೇ ಆಗಿನ ಸಾಧನೆಯಾಗಿತ್ತೆನ್ನಬೇಕು. 1929ರಲ್ಲಿ ಶ್ರೀ ನರೋತ್ತಮ್ ಮೊರಾರ್ಜಿಯವರು ನಿಧನರಾದ ನಂತರ ಶ್ರೀಯುತರು ಅಧ್ಯಕ್ಷರಾದರು. 1941ರ ಜೂನ್ 21ರಂದು ವಿಶಾಖಪಟ್ಟಣದಲ್ಲಿ ಹಡಗು ನಿರ್ಮಾಣ ಕಟ್ಟೆಗೆ ಡಾ. ರಾಜೇಂದ್ರ ಪ್ರಸಾದ್ ಅವರಿಂದ ಶಂಕುಸ್ಥಾಪನೆ ನೆರವೇರಿತು. ಅಲ್ಲಿ ನಿರ್ಮಿತವಾದ ಜಲ ಉಷಾ ಹಡಗನ್ನು 1948ರ ಮಾರ್ಚ್ 14ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ನೀರಿಗಿಳಿಸಿದರು.

ವಿಮಾನಪುರದ ಕಥೆ ಆರಂಭವಾದುದೂ ಒಂದು ಪ್ರಯಾಣದಲ್ಲಿಯೇ. 1939ರಲ್ಲಿ ಪೆಸಿಫಿಕ್ ಸಾಗರದ ಮೇಲೆ ವಿಮಾನದಲ್ಲಿ ಹೋಗುವಾಗ ಶ್ರೀಯುತರಿಗೆ ಅಮೆರಿಕದ ವಿಲಿಯಂ ಪಾಲೆ ಅವರ ಪರಿಚಯವಾಯಿತು. ಪಾಲೆಯವರು ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದರು. ಭಾರತದಲ್ಲಿ ಅಂತಹುದೇ ಕಾರ್ಖಾನೆಯನ್ನು ಸ್ಥಾಪಿಸುವ ಯೋಜನೆಗೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನವು ಭೂಮಿಯನ್ನೂ ಬಂಡವಾಳವನ್ನೂ ಒದಗಿಸಿತು. 1941ರ ಮಾರ್ಚ್‌ನಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನವು ಹಾರಿತು. ಜಪಾನ್ ಯುದ್ಧಕ್ಕಿಳಿದ ಮೇಲೆ ಸರ್ಕಾರವು ಕಾರ್ಖಾನೆಯ ಆಡಳಿತವನ್ನು ವಹಿಸಿಕೊಳ್ಳಲು ನಿರ್ಧರಿಸಿ, 1942ರಲ್ಲಿ ಶ್ರೀಯುತರ ಪಾಲನ್ನು ಖರೀದಿಸಿತು. ಸ್ಥಾಪಕರು ತಾವು ಸ್ಥಾಪಿಸಿದ ಕಾರ್ಖಾನೆಯಲ್ಲಿ ಎರಡು ವರ್ಷವೂ ಪೂರ್ತಿ ಇರಲಿಲ್ಲ. ಈ ಸಂಸ್ಥೆಯೇ 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಆಗಿ ಮಾರ್ಪಟ್ಟಿತು. ಇದರ ವಿಮಾನ ನಿಲ್ದಾಣವು 2008ರ ಮೇ ತಿಂಗಳವರೆಗೆ ನಗರದ ನಾಗರಿಕ ನಿಲ್ದಾಣವೂ ಆಗಿತ್ತು.

ಶೀತಲ ಸರಕು ಶ್ರೀಯುತರ ಮುಖ್ಯ ವ್ಯವಹಾರವಾಗಿರಲಿಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಅದು ಕಂಟೇನರ್ ಯುಗದಲ್ಲಿ ವ್ಯಾಪಕವಾಗಿ ಬೆಳೆಯಿತು. ಈಗ ವಿಮಾನಪುರದ ಪೂರ್ವಕ್ಕಿರುವ ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋದಿಂದ ಸರಕು ರೈಲಿನ ಮೂಲಕ ಚೆನ್ನೈ ಬಂದರಿಗೆ ತಲುಪುತ್ತದೆ. ಶೀತಲ ಯಂತ್ರವುಳ್ಳ ರೀಫರ್ ಕಂಟೇನರಿನಲ್ಲಿ ಹೆಪ್ಪುಗಟ್ಟಿಸಿದ ಆಹಾರವನ್ನು ಸಾಮಾನ್ಯವಾಗಿ ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್ ಕಡಿಮೆ ಉಷ್ಣಾಂಶದಲ್ಲಿಯೂ, ದ್ರಾಕ್ಷಿಯನ್ನು ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿಯೂ, ಬಾಳೆಹಣ್ಣನ್ನು ಸುಮಾರು 13 ಡಿಗ್ರಿಯಲ್ಲಿಯೂ ಇಡಲಾಗುತ್ತದೆ. ಈ ಯಂತ್ರವು ಇರುವ ತಂಪನ್ನು ಕಾಯ್ದುಕೊಳ್ಳುವುದಕ್ಕಾಗಿ ಮಾತ್ರ ಇರುವುದರಿಂದ, ಸರಕನ್ನು ಮೊದಲೇ ತಣ್ಣಗಾಗಿಸಿ ತುಂಬತಕ್ಕದ್ದು. ಅರ್ಜಿದಾರರು ಇದನ್ನು ಮರೆಯುವುದುಂಟು.

ಸ್ವಾತಂತ್ರ್ಯಾನಂತರ 1948ರಲ್ಲಿ ಸಿಂಧಿಯಾ ಹಡಗುಗಳು ಇಂಗ್ಲೆಂಡ್ ಮತ್ತು ಅಮೆರಿಕಗಳಿಗೆ ಸರಕು ಸೇವೆಯನ್ನು ಆರಂಭಿಸಿದವು. ಲಾಯಲ್ಟಿಯ ಮೊದಲ ಪ್ರಯಾಣಕ್ಕೆ ಆಗ 29 ವರ್ಷ ತುಂಬಿತ್ತು. ಮರುವರ್ಷವೇ ಶ್ರೀಯುತರು ಪಾರ್ಶ್ವವಾಯುವಿಗೆ ತುತ್ತಾಗಿ, ತರುವಾಯ ವ್ಯವಹಾರಗಳಿಂದ ನಿವೃತ್ತರಾದರು. 1952ರಲ್ಲಿ ವಿಶಾಖಪಟ್ಟಣದ ಕಟ್ಟೆಯೂ ಸರ್ಕಾರದ ಪ್ರಧಾನ ಪಾಲಿನೊಂದಿಗೆ ಹಿಂದೂಸ್ತಾನ್ ಶಿಪ್‌ಯಾರ್ಡ್ ಆಯಿತು. 1953ರ ಏಪ್ರಿಲ್ 8ರಂದು, ರಾಷ್ಟ್ರೀಯ ಕಡಲಯಾನ ದಿನವೆಂದು ಮುಂದೆ ಹೆಸರಾದ ದಿನಾಂಕದ ಮೂರು ದಿನಗಳ ನಂತರ, ಶ್ರೀಯುತರು ಗುಜರಾತಿನ ಸಿದ್ಧಪುರದಲ್ಲಿ ನಿಧನ ಹೊಂದಿದರು.