ಪ್ಲಗ್‌ಗೆ ನಂಬರ್ ಕೊಟ್ಟ ಬಾಷ್

ದೀಪಾಂಜಲಿ ನಗರದಿಂದ ಮೈಸೂರು ರಸ್ತೆ ಹಿಡಿದು ನೇರ ಹೋದರೆ ಸಿಗೋ ಮೈಸೂರಲ್ಲೇ ಒಂದು ಕಾಲಕ್ಕೆ ಜಾವಾ, ಯೆಜ್ಡಿ ಬೈಕುಗಳು ತಯಾರಾಗ್ತಿದ್ದವು. ಅವುಗಳ ಕಂಪ್ರೆಷನ್ ಏರಿಸಿ, ಸೈಲೆನ್ಸರ್ ಬದಲಿಸಿ ಓಡಿಸೋರು ನಮ್ಮಲ್ಲೂ ಇದ್ದಾರೆ. ಆಮೇಲೆ ಬರೋ ಪ್ರಶ್ನೆ: ಯಾವ ಪ್ಲಗ್ ಹಾಕೋದು? ಇದಕ್ಕೆ ಲೆಕ್ಕದ ಉತ್ತರ ಕೊಟ್ಟ ಕಂಪನಿಯ ಯಜಮಾನ ರಾಬರ್ಟ್ ಬಾಷ್.

ಬಾಷ್ ಹುಟ್ಟಿದ್ದು 1861ರಲ್ಲಿ, ಜರ್ಮನಿಯ ಉಲ್ಮ್ ಪಕ್ಕದ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ಮೆಕ್ಯಾನಿಕ್ ಕೆಲಸ ಕಲಿತು, ಅಮೆರಿಕದಲ್ಲಿ ಎಡಿಸನ್ ಕಂಪನಿಯಲ್ಲಿ ದುಡಿದು, 1886ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸಣ್ಣ ವರ್ಕ್‌ಶಾಪ್ ತೆರೆದರು. ಮುಂದಿನ ವರ್ಷವೇ ಮ್ಯಾಗ್ನೆಟೋ ಮಾಡಿದರು. 1902ರಲ್ಲಿ ಅವರ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೋ ಜೊತೆ ಸ್ಪಾರ್ಕ್ ಪ್ಲಗ್ ತಂದರು. 1906ರಲ್ಲೇ ಬಾಷ್ ತಮ್ಮ ಕಾರ್ಮಿಕರಿಗೆ ಎಂಟು ಗಂಟೆ ಕೆಲಸ ಸಾಕು ಅಂದರು.

ಎಂಜಿನ್‌ಗಳ ಪವರ್ ಏರಿದಂತೆ ಒಂದೇ ಪ್ಲಗ್ ಎಲ್ಲಕ್ಕೂ ಒಗ್ಗಲಿಲ್ಲ. 1927ರಲ್ಲಿ ಬಾಷ್ ಕಂಪನಿ ಹೀಟ್ ವ್ಯಾಲ್ಯೂ ಅನ್ನೋ ಅಳತೆ ತಂತು. ಪ್ಲಗ್‌ನ ಪಿಂಗಾಣಿ ಮೂಗು ಉದ್ದ ಇದ್ದರೆ ಬಿಸಿ ನಿಧಾನಕ್ಕೆ ಹೊರಹೋಗುತ್ತೆ, ಅದು ಹಾಟ್ ಪ್ಲಗ್. ಗಿಡ್ಡ ಇದ್ದರೆ ಬೇಗ ಹೋಗುತ್ತೆ, ಅದು ಕೋಲ್ಡ್. ತುದಿ ಸುಮಾರು 450 ಡಿಗ್ರಿಗಿಂತ ಕೆಳಗಿದ್ದರೆ ಮಸಿ ಕಟ್ಟುತ್ತೆ. 850 ದಾಟಿದರೆ ಕಿಡಿಗೂ ಮುಂಚೆ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್‌ಗೇ ತೂತು ಬೀಳಬಹುದು. ಅದಕ್ಕೇ ಕಂಪ್ರೆಷನ್ ಏರಿಸಿದ ಗಾಡಿಗೆ ಸಾಮಾನ್ಯವಾಗಿ ಒಂದು ಮೆಟ್ಟಿಲು ಕೋಲ್ಡ್ ಪ್ಲಗ್ ನೋಡ್ತಾರೆ.

ಇಲ್ಲೇ ನಾವು ಹುಷಾರಾಗಿರಬೇಕು. ಬಾಷ್‌ನ ಹಳೇ ಲೆಕ್ಕದಲ್ಲಿ 175ಕ್ಕಿಂತ 225 ಕೋಲ್ಡ್. ಹೊಸ ಲೆಕ್ಕದಲ್ಲಿ ಉಲ್ಟಾ: 7ಕ್ಕಿಂತ 5 ಕೋಲ್ಡ್. ಎನ್‌ಜಿಕೆಯಲ್ಲಿ ಮತ್ತೆ ಉಲ್ಟಾ: 7ಕ್ಕಿಂತ 8 ಕೋಲ್ಡ್. ಬ್ರ್ಯಾಂಡ್ ಬದಲಿಸಿ ನಂಬರ್ ಮಾತ್ರ ನೋಡಿದರೆ ಪಿಸ್ಟನ್ ಕಥೆ ಮುಗೀತು. ಚಾರ್ಟ್ ನೋಡಿ, ಓಡಿಸಿದ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ: ತಿಳಿ ಕಂದು ಇದ್ದರೆ ಸರಿ, ಬೆಳ್ಳಗೆ ಸುಟ್ಟಂತಿದ್ದರೆ ಅಪಾಯ. ಕಾರ್ಬ್ಯುರೇಟರ್, ಟೈಮಿಂಗ್ ಮೊದಲು ಸರಿ ಇರಬೇಕು, ಅವುಗಳ ತಪ್ಪನ್ನು ಪ್ಲಗ್ ತಿದ್ದಲ್ಲ.

ಬಾಷ್ ಬದುಕಿನ ಕೊನೆಗಾಲ ಸುಲಭದ್ದಲ್ಲ. ನಾಜಿ ಆಳ್ವಿಕೆಯಲ್ಲಿ ಕಂಪನಿ ಯುದ್ಧದ ಸಾಮಾನು ಮಾಡಿತು, ಬಲವಂತದ ಕಾರ್ಮಿಕರನ್ನೂ ದುಡಿಸಿತು. ಬಾಷ್ ಮತ್ತು ಅವರ ಹತ್ತಿರದವರು ಯಹೂದಿಗಳಿಗೆ, ಹಿಟ್ಲರ್ ವಿರೋಧಿಗಳಿಗೆ ನೆರವನ್ನೂ ಕೊಟ್ಟರು. ಎರಡನ್ನೂ ನಾವು ನೆನಪಿಡಬೇಕು. 1942ರಲ್ಲಿ ಅವರು ತೀರಿಕೊಂಡರು. 1951ರಲ್ಲಿ ನಮ್ಮ ಬೆಂಗಳೂರಲ್ಲೇ ಮೈಕೋ ಶುರುವಾಯ್ತು. ಹಳೇ ಮೈಕೋ ಪ್ಲಗ್ ಕೈಗೆ ಸಿಕ್ಕರೆ ಮೇಲಿನ ನಂಬರ್ ಓದಿ, ಅದರ ಹಿಂದಿನ ಲೆಕ್ಕ ಈಗ ನಿಮಗೆ ಗೊತ್ತು.