ಬೆಂಕಿಯಿಲ್ಲದ ಒಲೆ

ಶಾಲೆಯ ಬಾಗಿಲು ಮುಚ್ಚಿದರೂ ವಿದ್ಯೆಯ ಬಾಗಿಲು ಮುಚ್ಚುವುದಿಲ್ಲವೆಂಬುದಕ್ಕೆ ಪರ್ಸಿ ಸ್ಪೆನ್ಸರನ ಜೀವನವೇ ನಿದರ್ಶನ.

ಸ್ಪೆನ್ಸರನು 1894ರಲ್ಲಿ ಅಮೆರಿಕದ ಮೇನ್ ಸಂಸ್ಥಾನದ ಹೌಲ್ಯಾಂಡ್ ಎಂಬ ಊರಿನಲ್ಲಿ ಜನಿಸಿದನು. ಒಂದೂವರೆ ವರ್ಷದ ಕೂಸಾಗಿದ್ದಾಗಲೇ ತಂದೆ ತೀರಿಕೊಂಡನು. ತಾಯಿ ಮಗುವನ್ನು ಬಂಧುಗಳಿಗೊಪ್ಪಿಸಿ ಹೊರಟುಹೋದಳು. ಬಡತನದ ದೆಸೆಯಿಂದ ಹುಡುಗನು ಹನ್ನೆರಡನೆಯ ವಯಸ್ಸಿಗೇ ಶಾಲೆ ಬಿಟ್ಟು ಕಾರ್ಖಾನೆಯಲ್ಲಿ ದುಡಿಯಬೇಕಾಯಿತು. ಕೆಲವು ವರ್ಷಗಳ ಬಳಿಕ, ಕಾಗದದ ಕಾರ್ಖಾನೆಯೊಂದಕ್ಕೆ ವಿದ್ಯುತ್ತನ್ನು ಅಳವಡಿಸುವ ಕೆಲಸಕ್ಕೆ ಸೇರಿ, ಮಾಡುತ್ತ ಮಾಡುತ್ತಲೇ ಆ ವಿದ್ಯೆಯನ್ನು ಕಲಿತನು. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ನಿಸ್ತಂತು ಸಂದೇಶದಿಂದ ನೂರಾರು ಜನರು ಬದುಕಿ ಉಳಿದರು. ಈ ಸಂಗತಿ ಅವನ ಮನಸ್ಸನ್ನು ಸೆಳೆಯಿತು. ಅವನು ನೌಕಾಪಡೆಯನ್ನು ಸೇರಿ, ರಾತ್ರಿಯ ಪಹರೆಯ ವೇಳೆಯಲ್ಲಿ ವಿಜ್ಞಾನ ಗ್ರಂಥಗಳನ್ನು ಓದಿ ಮನನ ಮಾಡಿಕೊಂಡನು.

ಮುಂದೆ ಅವನು ರೇಥಿಯಾನ್ ಎಂಬ ಕಂಪನಿಯಲ್ಲಿ ಎಂಜಿನಿಯರನಾದನು. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿಮಾನಗಳನ್ನು ದೂರದಿಂದಲೇ ಪತ್ತೆಹಚ್ಚುವ ರೇಡಾರಿಗೆ ಮ್ಯಾಗ್ನೆಟ್ರಾನ್ ಎಂಬ ನಳಿಗೆಯೇ ಜೀವಾಳವಾಗಿತ್ತು. ಮೈಕ್ರೋವೇವ್ ಎಂಬ ಸೂಕ್ಷ್ಮ ತರಂಗಗಳು ಅದರಿಂದ ಹೊರಹೊಮ್ಮುತ್ತವೆ. ದಿನಕ್ಕೆ 17 ನಳಿಗೆಗಳು ಮಾತ್ರ ಸಿದ್ಧವಾಗುತ್ತಿದ್ದಲ್ಲಿ, ಸ್ಪೆನ್ಸರನು ತಯಾರಿಕೆಯ ಕ್ರಮವನ್ನೇ ಸುಧಾರಿಸಿದ್ದರಿಂದ ಆ ಸಂಖ್ಯೆ 2600ಕ್ಕೆ ಏರಿತು.

1945ರಲ್ಲಿ ಒಂದು ದಿನ, ಮ್ಯಾಗ್ನೆಟ್ರಾನಿನ ಮುಂದೆ ನಿಂತಿದ್ದ ಅವನ ಜೇಬಿನಲ್ಲಿದ್ದ ಮಿಠಾಯಿ ಕರಗಿಹೋಯಿತು. ಈ ತರಂಗಗಳ ಬಿಸಿಯನ್ನು ಇತರರೂ ಕಂಡಿದ್ದರು. ಆದರೆ ಅದರ ಬೆನ್ನುಹತ್ತಿದವನು ಸ್ಪೆನ್ಸರನು. ಅವನು ಜೋಳದ ಕಾಳುಗಳನ್ನು ತರಿಸಿ ನಳಿಗೆಯ ಬಳಿಯಿಟ್ಟನು. ಅವು ಅರಳಿ ಸಿಡಿದವು. ಆಮೇಲೆ ಇರಿಸಿದ ಮೊಟ್ಟೆಯೂ ಒಡೆದು ಚಿಮ್ಮಿತು.

ಇದರ ರಹಸ್ಯವೇನು? ಸಾಮಾನ್ಯ ಒಲೆಯಲ್ಲಿ ಶಾಖವು ಪದಾರ್ಥದ ಹೊರಮೈಯಿಂದ ಮೆಲ್ಲಮೆಲ್ಲನೆ ಒಳಗೆ ಸಾಗಬೇಕು. ಸೂಕ್ಷ್ಮ ತರಂಗಗಳಾದರೋ ಪದಾರ್ಥದೊಳಕ್ಕೆ ಹೊಕ್ಕು, ಅಲ್ಲಿನ ನೀರಿನ ಅಣುಗಳನ್ನು ಅತ್ತಿತ್ತ ಹೊರಳಿಸುತ್ತವೆ. ಮನೆಯ ಒಲೆಯ ತರಂಗಗಳು ಸೆಕೆಂಡಿಗೆ 245 ಕೋಟಿ ಬಾರಿ ಕಂಪಿಸುತ್ತವೆ. ಈ ಹೊರಳಾಟದಿಂದ ಪದಾರ್ಥದ ಒಳಗೇ ಶಾಖವು ಹುಟ್ಟುತ್ತದೆ.

1947ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಒಲೆ ಆಳೆತ್ತರವಿದ್ದು, ಸುಮಾರು 340 ಕಿಲೋಗ್ರಾಂ ತೂಗುತ್ತಿತ್ತು. ಮನೆಯ ಅಡಿಗೆಕಟ್ಟೆಗೆ ಒಪ್ಪುವ ಚಿಕ್ಕ ಒಲೆ ಬಂದದ್ದು 1967ರಲ್ಲಿ. ಇಂದು ಈ ತರಂಗಗಳು ಅಡಿಗೆಗಷ್ಟೇ ಮೀಸಲಲ್ಲ. ಮರ, ಪಿಂಗಾಣಿ, ಔಷಧಿ, ಆಹಾರ ಪದಾರ್ಥಗಳನ್ನು ಒಣಗಿಸಲೂ ಕಾರ್ಖಾನೆಗಳಲ್ಲಿ ಬಳಕೆಯಾಗುತ್ತಿವೆ. ತೇವವಿರುವೆಡೆಯೇ ಹೆಚ್ಚು ಶಾಖ ಹುಟ್ಟುವುದರಿಂದ ಒಣಗುವ ಕಾಲವು ಮೊಟಕಾಗುತ್ತದೆ.

ಶಾಲೆಯನ್ನು ಮುಗಿಸದ ಸ್ಪೆನ್ಸರನಿಗೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ನೀಡಿತು. 1970ರಲ್ಲಿ ಅವನು ನಿಧನ ಹೊಂದಿದನು. ಯುದ್ಧಕ್ಕಾಗಿ ರೂಪುಗೊಂಡ ಸಾಧನವೊಂದನ್ನು ಅನ್ನದ ಒಲೆಯಾಗಿಸಿದ ಕೀರ್ತಿ ಅವನದು.